ಹೂವಿನಕ್ಕನ ನೋಟ್ ಪುಸ್ತಕ

ನಮ್ಮ ಕಲಿಕಾ ಕೇಂದ್ರಕ್ಕೆ ಹೂವಿನಕ್ಕ ಬರಲಿಲ್ಲ. ಒಂದು ದಿನವಾಯಿತು. ಎರಡು ದಿನವಾಯಿತು. ವಾರವೇ ಆಯಿತು. ಅವಳು ಹೂ ಕಟ್ಟಿ ಮಾರುತ್ತಾಳೆ. ಅದಕ್ಕೇ ನಾವೆಲ್ಲ ಅವಳನ್ನು ಹೂವಿನಕ್ಕ ಅನ್ನುತ್ತೇವೆ.

ಒಂದು ಸಂಜೆ ನಾವು ಅವಳ ಮನೆಗೆ ಹೋದೆವು. ಅವಳು ಚಾಪೆಯ ಮೇಲೆ ಮಲಗಿದ್ದಳು.

"ಬನ್ನಿ, ಕೂತ್ಕೊಳ್ಳಿ. ನನಗೆ ಹೊಟ್ಟೆ ಆಪರೇಷನ್ ಆಯ್ತು" ಎಂದಳು.

ಏನಾಗಿತ್ತು?

ಕೆಲವು ತಿಂಗಳಿಂದ ಅವಳ ಕಿಬ್ಬೊಟ್ಟೆ ಭಾರವಾಗಿತ್ತು. ಆಗಾಗ ನೋವು ಬರುತ್ತಿತ್ತು. ಹೊಟ್ಟೆಯೂ ದಪ್ಪವಾಯಿತು. "ಮತ್ತೆ ಬಸುರಿಯೇನೇ?" ಎಂದು ಜನ ಕೇಳಿದರು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಬಲಗಡೆಯ ಅಂಡಾಶಯದಲ್ಲಿ ತೆಂಗಿನಕಾಯಿ ಗಾತ್ರದ ನೀರುಗಡ್ಡೆ ಇತ್ತು.

ಅಂಡಾಶಯ ಎಂದರೇನು? ಹೆಂಗಸಿನ ಗರ್ಭಕೋಶದ ಎರಡೂ ಪಕ್ಕದಲ್ಲಿ ಒಂದೊಂದು ಅಂಡಾಶಯ ಇರುತ್ತದೆ. ಅದು ಬಾದಾಮಿಯ ಆಕಾರದ ಚಿಕ್ಕ ಅಂಗ. ಮಗುವಾಗಲು ಬೇಕಾದ ಅಂಡ ಅಲ್ಲಿ ಬೆಳೆಯುತ್ತದೆ. ಕೆಲವೊಮ್ಮೆ ಅಲ್ಲಿ ನೀರು ತುಂಬಿದ ಚೀಲದಂತೆ ಗಡ್ಡೆ ಬರುತ್ತದೆ. ಡಾಕ್ಟರು ಅದನ್ನು 'ಸಿಸ್ಟ್' ಅನ್ನುತ್ತಾರೆ.

ಎಲ್ಲ ಗಡ್ಡೆಗೂ ಆಪರೇಷನ್ ಬೇಕಿಲ್ಲ. ಎಷ್ಟೋ ಸಣ್ಣ ಗಡ್ಡೆಗಳು ಎರಡು ಮೂರು ತಿಂಗಳಲ್ಲಿ ತಾವೇ ಕರಗುತ್ತವೆ. ಗಡ್ಡೆ ದೊಡ್ಡದಾದರೆ, ತಿರುಚಿಕೊಂಡರೆ, ತುಂಬಾ ನೋವು ಕೊಟ್ಟರೆ, ಅಥವಾ ಡಾಕ್ಟರಿಗೆ ಅನುಮಾನ ಬಂದರೆ ತೆಗೆಯಬೇಕಾಗುತ್ತದೆ.

ಎರಡು ಬಗೆಯ ಆಪರೇಷನ್

ಒಂದು ಬಗೆಯಲ್ಲಿ ಹೊಟ್ಟೆಗೆ ಮೂರು ನಾಲ್ಕು ಸಣ್ಣ ತೂತು ಮಾಡಿ, ಕೊಳವೆ ಹಾಕಿ ಗಡ್ಡೆ ತೆಗೆಯುತ್ತಾರೆ. ಒಂದೆರಡು ದಿನದಲ್ಲಿ ಮನೆಗೆ ಬರಬಹುದು. ಹೊಟ್ಟೆಗೆ ಗಾಳಿ ತುಂಬಿಸಿರುತ್ತಾರೆ. ಅದರಿಂದ ಒಂದೆರಡು ದಿನ ಭುಜ ನೋಯಬಹುದು. ಹೆದರಬೇಡಿ. ಅದು ತಾನೇ ಹೋಗುತ್ತದೆ. ಎರಡು ವಾರದೊಳಗೆ ಹಗುರವಾದ ಕೆಲಸ ಮಾಡಬಹುದು.

ಇನ್ನೊಂದು ಬಗೆಯಲ್ಲಿ ಹೊಟ್ಟೆ ಕೊಯ್ದು ಗಡ್ಡೆ ತೆಗೆಯುತ್ತಾರೆ. ಹೂವಿನಕ್ಕನಿಗೆ ಆಗಿದ್ದು ಇದೇ. ಇದು ಪೂರ್ತಿ ವಾಸಿಯಾಗಲು ಆರು ವಾರವಾದರೂ ಬೇಕು. ಹೊರಗಿನ ಹೊಲಿಗೆ ಬೇಗ ಒಣಗುತ್ತದೆ. ಒಳಗಿನ ಗಾಯ ಕೂಡಲು ಹೆಚ್ಚು ದಿನ ಹಿಡಿಯುತ್ತದೆ. ಮೇಲೆ ನೋಡಿ "ವಾಸಿಯಾಯ್ತು" ಅನ್ನಬಾರದು.

ನೋಟ್ ಪುಸ್ತಕದಲ್ಲಿ ಏನಿತ್ತು?

ಆಸ್ಪತ್ರೆಯಿಂದ ಬರುವಾಗ ಹೂವಿನಕ್ಕನಿಗೆ ಒಂದು ಚೀಟಿ ಕೊಟ್ಟರು. ಅದು ಇಂಗ್ಲಿಷಿನಲ್ಲಿತ್ತು. ಅವಳು ಸುಮ್ಮನೆ ಮಡಿಸಿ ಇಟ್ಟುಕೊಳ್ಳಲಿಲ್ಲ. "ಸಿಸ್ಟರ್, ಇದರಲ್ಲಿ ಏನಿದೆ? ಕನ್ನಡದಲ್ಲಿ ಹೇಳಿ, ನಾನು ಬರ್ಕೋತೀನಿ" ಎಂದಳು. ನಮ್ಮ ಕೇಂದ್ರದ ನೋಟ್ ಪುಸ್ತಕದಲ್ಲೇ ಬರೆದುಕೊಂಡಳು. ನಮಗೂ ತೋರಿಸಿದಳು.

1. ಬಲಗಡೆಯ ಅಂಡಾಶಯ ತೆಗೆದಿದ್ದಾರೆ. ಗರ್ಭಕೋಶ ತೆಗೆದಿಲ್ಲ.
2. ಆರು ವಾರ ಭಾರ ಎತ್ತಬಾರದು.
3. ಮಾತ್ರೆ ನಡುವೆ ಬಿಡಬಾರದು.
4. ಹತ್ತನೇ ದಿನ ಹೊಲಿಗೆ ತೋರಿಸಬೇಕು. ಗಡ್ಡೆಯ ರಿಪೋರ್ಟ್ ತರಬೇಕು.

ಅಕ್ಷರ ಸೊಟ್ಟಗಿದ್ದವು. ಆದರೆ ಎಲ್ಲವೂ ಸರಿಯಾಗಿತ್ತು.

ನೀರು ತರುವವರು ಯಾರು?

"ಭಾರ ಎತ್ತಬಾರದು ಅಂತ ಬರ್ಕೊಂಡೆ. ಆದರೆ ನೀರು ಯಾರು ತರ್ತಾರೆ?" ಎಂದಳು ಹೂವಿನಕ್ಕ. ಒಂದು ಕೊಡ ನೀರು ಎಂದರೆ ಹತ್ತು, ಹದಿನೈದು ಕಿಲೋ ಭಾರ. ಅದನ್ನು ಎತ್ತಿದರೆ ಗಾಯದ ಮೇಲೆ ಒತ್ತಡ ಬೀಳುತ್ತದೆ. ಹೊಲಿಗೆ ಬಿಡಬಹುದು. ಮುಂದೆ ಆ ಜಾಗದಲ್ಲಿ ಕರುಳು ಉಬ್ಬಿಕೊಳ್ಳಬಹುದು. ಮಗುವನ್ನು ಎತ್ತಿಕೊಳ್ಳುವುದೂ ಭಾರವೇ. ಒದ್ದೆ ಬಟ್ಟೆಯ ಬಕೆಟ್ಟೂ ಭಾರವೇ.

ಅವಳ ಗಂಡ ನಾಚಿಕೊಂಡೇ ಹೇಳಿದ: "ನಾನು ತರ್ತೀನಿ. ನಗೋರು ನಗಲಿ." ಮಾರನೇ ದಿನ ಅವನು ಕೊಡ ಹಿಡಿದು ನಲ್ಲಿಗೆ ಬಂದ. ಒಂದಿಬ್ಬರು ನಕ್ಕರು. ಮೂರನೇ ದಿನ ಯಾರೂ ನಗಲಿಲ್ಲ. ಅವನು ಕೂಲಿಗೆ ಹೋದ ದಿನ ನಾವು ಸರದಿ ಮಾಡಿಕೊಂಡು ಒಂದೊಂದು ಕೊಡ ತಂದು ಕೊಟ್ಟೆವು.

ಹಾಗೆಂದು ದಿನವೆಲ್ಲ ಮಲಗಿರಬಾರದು. ಸದಾ ಮಲಗಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಮನೆಯೊಳಗೆ ನಿಧಾನವಾಗಿ ಓಡಾಡಬೇಕು. ದಿನದಿನಕ್ಕೆ ಸ್ವಲ್ಪ ಹೆಚ್ಚು ನಡೆಯಬೇಕು. ಕೆಮ್ಮು ಬಂದರೆ ಒಂದು ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದು ಕೆಮ್ಮಬೇಕು. ಏಳುವಾಗ ಪಕ್ಕಕ್ಕೆ ಹೊರಳಿ, ಕೈ ಊರಿ ಏಳಬೇಕು. ಡಾಕ್ಟರು ಹೇಳುವವರೆಗೆ ಗಂಡ ಹೆಂಡತಿ ಕೂಡಬಾರದು. ಇದನ್ನು ಕೇಳಲು ನಾಚಿಕೆ ಬೇಡ.

ನಂಜಾಗುತ್ತದೆಯೆ?

ಹೂವಿನಕ್ಕನ ಅತ್ತೆ ಒಳ್ಳೆಯವರು. ಆದರೆ ಬರೀ ಗಂಜಿ ಕೊಡುತ್ತಿದ್ದರು. "ಬೇಳೆ ತಿಂದ್ರೆ ನಂಜಾಗುತ್ತೆ, ಮೊಟ್ಟೆ ತಿಂದ್ರೆ ಕೀವಾಗುತ್ತೆ" ಅನ್ನುತ್ತಿದ್ದರು. ಇದು ನಿಜವಲ್ಲ. ಗಾಯದೊಳಗೆ ಕ್ರಿಮಿ ಸೇರಿದರೆ ಕೀವಾಗುತ್ತದೆ. ಬೇಳೆ, ಮೊಟ್ಟೆಯಿಂದ ಅಲ್ಲ. ಗಾಯ ಕೂಡಲು ಬೇಳೆ, ಕಾಳು, ಹಾಲು, ಮೊಟ್ಟೆ ಬೇಕು. ಸೊಪ್ಪು, ತರಕಾರಿ, ಹಣ್ಣು ತಿಂದು ಚೆನ್ನಾಗಿ ನೀರು ಕುಡಿದರೆ ಮಲ ಗಟ್ಟಿಯಾಗುವುದಿಲ್ಲ. ಮುಕ್ಕುವುದು ತಪ್ಪುತ್ತದೆ.

ಗಾಯಕ್ಕೆ ಅರಿಶಿನ, ಬೂದಿ, ಎಣ್ಣೆ ಹಚ್ಚಬಾರದು. ಡಾಕ್ಟರು ಹೇಳಿದ ಮೇಲೆ ಸ್ನಾನ ಮಾಡಬೇಕು. ಒಗೆದ ಮೆತ್ತನೆಯ ಬಟ್ಟೆಯಿಂದ ಗಾಯವನ್ನು ಒತ್ತಿ ಒರೆಸಬೇಕು. ಸೀರೆಯ ಗಂಟು ಗಾಯದ ಮೇಲೆ ಬರಬಾರದು.

ತಕ್ಷಣ ಆಸ್ಪತ್ರೆಗೆ ಹೋಗಿ

ಈ ಗುರುತು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ.

- 100 ಡಿಗ್ರಿಗಿಂತ ಹೆಚ್ಚು ಜ್ವರ, ಚಳಿ
- ಗಾಯ ಕೆಂಪಾಗಿ ಊದುವುದು, ಕೀವು, ಕೆಟ್ಟ ವಾಸನೆ
- ದಿನದಿನಕ್ಕೆ ಹೆಚ್ಚುವ ಹೊಟ್ಟೆನೋವು, ನಿಲ್ಲದ ವಾಂತಿ
- ಗಂಟೆಗೊಂದು ಬಟ್ಟೆ ನೆನೆಯುವಷ್ಟು ರಕ್ತ
- ಮೂತ್ರ ಕಟ್ಟುವುದು
- ಒಂದೇ ಕಾಲು ಊದಿ ನೋಯುವುದು, ಉಸಿರು ಕಟ್ಟುವುದು, ಎದೆನೋವು

ಕರ್ನಾಟಕದಲ್ಲಿ ಆಂಬುಲೆನ್ಸಿಗೆ 108 ನಂಬರಿಗೆ ಫೋನ್ ಮಾಡಿ. ಆಶಾ ಕಾರ್ಯಕರ್ತೆಗೂ ತಿಳಿಸಿ.

ಹತ್ತನೇ ದಿನ

"ಹೊಲಿಗೆ ಚೆನ್ನಾಗೇ ಇದೆ. ಸುಮ್ನೆ ಬಸ್ ಚಾರ್ಜ್ ಯಾಕೆ?" ಎಂದ ಗಂಡ. ಹೂವಿನಕ್ಕ ಪುಸ್ತಕ ತೆಗೆದು ನಾಲ್ಕನೇ ಸಾಲು ಓದಿದಳು. "ರಿಪೋರ್ಟ್ ತರಬೇಕು ಅಂತ ಬರೆದಿದ್ದೀನಿ. ಹೋಗಲೇಬೇಕು."

ತೆಗೆದ ಗಡ್ಡೆಯನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅದು ಸಾಧಾರಣ ಗಡ್ಡೆಯೋ, ಕ್ಯಾನ್ಸರೋ ಎಂದು ಅಲ್ಲಿ ನೋಡುತ್ತಾರೆ. ಹೆಚ್ಚಿನವು ಸಾಧಾರಣ ಗಡ್ಡೆಗಳೇ. ಆದರೆ ರಿಪೋರ್ಟ್ ನೋಡದೆ ಯಾರೂ ಹಾಗೆ ಹೇಳಲಾಗದು. ಕ್ಯಾನ್ಸರ್ ಇದ್ದರೆ ಬೇಗ ಚಿಕಿತ್ಸೆ ಶುರುವಾಗಬೇಕು. ರಿಪೋರ್ಟ್ ಆಸ್ಪತ್ರೆಯ ಕಪಾಟಿನಲ್ಲೇ ಉಳಿದರೆ ನಮಗೆ ಏನೂ ತಿಳಿಯುವುದಿಲ್ಲ.

ಹೂವಿನಕ್ಕನ ರಿಪೋರ್ಟಿನಲ್ಲಿ ಸಾಧಾರಣ ಗಡ್ಡೆ ಎಂದಿತ್ತು. ಅವಳು ಇನ್ನೊಂದು ಮಾತು ಕೇಳಿದಳು. "ನನಗೆ ಇನ್ನು ಮಕ್ಕಳಾಗುತ್ತಾ?" ಡಾಕ್ಟರು ಹೇಳಿದರು: "ಒಂದು ಅಂಡಾಶಯ ಚೆನ್ನಾಗಿದ್ದರೆ ಸಾಕಮ್ಮ. ಮುಟ್ಟೂ ಬರುತ್ತೆ, ಮಕ್ಕಳೂ ಆಗಬಹುದು." ಎರಡನ್ನೂ ತೆಗೆದರೆ ಮುಟ್ಟು ನಿಲ್ಲುತ್ತದೆ. ಮೈ ಬಿಸಿಯಾಗಿ ಬೆವರಬಹುದು. ಆಗ ಡಾಕ್ಟರ ಸಲಹೆ ಬೇಕು.

ತಿಳಿದಿರಲಿ

1809ರಲ್ಲಿ ಅಮೆರಿಕದ ಡ್ಯಾನ್‌ವಿಲ್ ಎಂಬ ಊರಿನಲ್ಲಿ ಮೆಕ್‌ಡೊವೆಲ್ ಎಂಬ ಡಾಕ್ಟರು ಇಂಥ ಆಪರೇಷನ್ ಮಾಡಿದರು. ಆಗ ಮತ್ತು ಬರುವ ಔಷಧಿ ಇರಲಿಲ್ಲ. ಜೇನ್ ಕ್ರಾಫರ್ಡ್ ಎಂಬ ತಾಯಿಯ ಹೊಟ್ಟೆಯಿಂದ ಸುಮಾರು 10 ಕಿಲೋ ಗಡ್ಡೆ ತೆಗೆದರು. ಐದನೇ ದಿನ ಡಾಕ್ಟರು ಬಂದು ನೋಡಿದರೆ ಆಕೆ ಎದ್ದು ಹಾಸಿಗೆ ಸರಿಮಾಡುತ್ತಿದ್ದಳು! ಡಾಕ್ಟರು ಎಚ್ಚರಿಕೆ ಹೇಳಿದರು. ಆಕೆ 25 ದಿನಕ್ಕೆ ಮನೆಗೆ ಹೋದಳು. ಮುಂದೆ 30 ವರ್ಷಕ್ಕೂ ಹೆಚ್ಚು ಬಾಳಿದಳು. ಕೆಲಸ ಬಿಟ್ಟು ಕೂರುವುದು ಯಾವ ದೇಶದ ಹೆಂಗಸಿಗೂ ಕಷ್ಟವೇ!

ಎರಡು ತಿಂಗಳ ಮೇಲೆ ಹೂವಿನಕ್ಕ ಕೇಂದ್ರಕ್ಕೆ ಬಂದಳು. ನಮಗೆಲ್ಲ ಒಂದೊಂದು ಮೊಳ ಮಲ್ಲಿಗೆ ತಂದಿದ್ದಳು.

ಮಾತಾಡೋಣ

1. ಹೂವಿನಕ್ಕ ಸಿಸ್ಟರನ್ನು ಏನು ಕೇಳಿದಳು?
2. ರಿಪೋರ್ಟ್ ತರದಿದ್ದರೆ ಏನಾಗಬಹುದಿತ್ತು?
3. ನಿಮ್ಮ ಮನೆಯಲ್ಲಿ ಒಬ್ಬರಿಗೆ ಆಪರೇಷನ್ ಆದರೆ ನೀರು ಯಾರು ತರುತ್ತಾರೆ?

ಓದಿ, ಬರೆಯಿರಿ

ಅಂಡಾಶಯ – ಗರ್ಭಕೋಶ – ಗಡ್ಡೆ – ಹೊಲಿಗೆ – ರಿಪೋರ್ಟ್ – ವಿಶ್ರಾಂತಿ