ಕೋಳಿಗಳ ಕರುಳಿನ ಆರೋಗ್ಯಕ್ಕೆ ಆಂಟಿಬಯಾಟಿಕ್ ಬದಲು ಆಹಾರ ಪೂರಕಗಳು

ಮಾಂಸದ ಕೋಳಿ ಸಾಕಾಣಿಕೆಯಲ್ಲಿ ಖರ್ಚಿನ ಬಹುಪಾಲು ಆಹಾರಕ್ಕೇ ತಗಲುತ್ತದೆ. ತಿಂದ ಆಹಾರ ಮೈಗೆ ಹತ್ತಬೇಕಾದರೆ ಕರುಳು ಆರೋಗ್ಯವಾಗಿರಬೇಕು. ಬೆಳವಣಿಗೆ ಹೆಚ್ಚಲೆಂದು 1950ರ ದಶಕದಿಂದ ಆಹಾರದಲ್ಲಿ ಅಲ್ಪ ಪ್ರಮಾಣದ ಆಂಟಿಬಯಾಟಿಕ್ ಬೆರೆಸುವ ಪದ್ಧತಿ ಹಬ್ಬಿತು. ಆದರೆ ಹೀಗೆ ನಿತ್ಯವೂ ಕೊಟ್ಟಾಗ ಔಷಧಕ್ಕೆ ಬಗ್ಗದ ರೋಗಾಣುಗಳು ಮಾತ್ರ ಉಳಿದು ವೃದ್ಧಿಯಾಗುತ್ತವೆ. ಇವು ಮಾಂಸ, ಗೊಬ್ಬರ, ನೀರಿನ ಮೂಲಕ ಮನುಷ್ಯರನ್ನು ತಲುಪಿದರೆ ಕಾಯಿಲೆಗೆ ಔಷಧ ನಾಟದಂತಾಗುತ್ತದೆ. ಯುರೋಪ್ ಒಕ್ಕೂಟವು 2006ರಿಂದ ಬೆಳವಣಿಗೆಗಾಗಿ ಆಂಟಿಬಯಾಟಿಕ್ ಬಳಸುವುದನ್ನು ನಿಷೇಧಿಸಿತು. ಭಾರತವು 2019ರಲ್ಲಿ ಆಹಾರೋತ್ಪಾದಕ ಪ್ರಾಣಿ, ಕೋಳಿಗಳಿಗೆ ಕೊಲಿಸ್ಟಿನ್ ಬಳಕೆಯನ್ನು ನಿಷೇಧಿಸಿತು.

ಬದಲಿ ಪೂರಕಗಳು

1. ಪ್ರೋಬಯಾಟಿಕ್: ಇವು ಲ್ಯಾಕ್ಟೊಬ್ಯಾಸಿಲಸ್, ಬ್ಯಾಸಿಲಸ್ ಮುಂತಾದ ಉಪಕಾರಿ ಜೀವಾಣುಗಳು. ಕರುಳಿನಲ್ಲಿ ಮೊದಲೇ ನೆಲೆಸಿ ರೋಗಾಣುಗಳಿಗೆ ಜಾಗ ಸಿಗದಂತೆ ಮಾಡುತ್ತವೆ. ದೊಡ್ಡ ಕೋಳಿಯ ಕರುಳಿನ ಜೀವಾಣುಗಳನ್ನು ಮರಿಗಳಿಗೆ ಕೊಟ್ಟರೆ ಸಾಲ್ಮೊನೆಲ್ಲಾ ತಡೆಯಬಹುದೆಂದು ಫಿನ್ಲೆಂಡಿನ ನುರ್ಮಿ ಮತ್ತು ರಂಟಾಲ 1973ರಲ್ಲಿ ತೋರಿಸಿದರು. ಆದ್ದರಿಂದ ಮೊದಲ ದಿನದಿಂದಲೇ ಕೊಡುವುದು ಲೇಸು.

2. ಪ್ರಿಬಯಾಟಿಕ್: ಉಪಕಾರಿ ಜೀವಾಣುಗಳಿಗೆ ಆಹಾರವಾಗುವ ಸಕ್ಕರೆ ಪದಾರ್ಥಗಳು. ಯೀಸ್ಟ್ ಕೋಶಭಿತ್ತಿಯಿಂದ ಬರುವ ಮನ್ನಾನ್ ಕರುಳಿನ ಗೋಡೆಗೆ ಬದಲಾಗಿ ತನಗೇ ರೋಗಾಣುಗಳನ್ನು ಅಂಟಿಸಿಕೊಂಡು ಹಿಕ್ಕೆಯೊಡನೆ ಹೊರಹಾಕುತ್ತದೆ.

3. ಸಾವಯವ ಆಮ್ಲಗಳು: ಫಾರ್ಮಿಕ್, ಪ್ರೊಪಿಯಾನಿಕ್ ಆಮ್ಲಗಳು ಆಹಾರ ಮತ್ತು ನೀರಿನಲ್ಲಿ ರೋಗಾಣು, ಬೂಷ್ಟನ್ನು ತಗ್ಗಿಸುತ್ತವೆ. ಬ್ಯುಟಿರಿಕ್ ಆಮ್ಲವು ಕರುಳಿನ ಜೀವಕೋಶಗಳಿಗೆ ಪೋಷಣೆ.

4. ಕಿಣ್ವಗಳು: ಜೀರ್ಣವಾಗದೆ ಉಳಿದ ಆಹಾರ ಕ್ಲಾಸ್ಟ್ರಿಡಿಯಂ ರೋಗಾಣುವಿಗೆ ಮೇವು. ಗೋಧಿ, ತೌಡು ಹೆಚ್ಚಿರುವ ಆಹಾರದಲ್ಲಿ ಝೈಲನೇಸ್ ಈ ಶೇಷವನ್ನು ಕಡಿಮೆ ಮಾಡುತ್ತದೆ.

ಗಮನಿಸಬೇಕಾದ ಅಂಶಗಳು

ಪ್ರೋಬಯಾಟಿಕ್ ಬೆರೆಸಿದ ನೀರಿನಲ್ಲಿ ಕ್ಲೋರಿನ್ ಇರಬಾರದು. ಗುಳಿಗೆ ಆಹಾರ ತಯಾರಿಸುವಾಗಿನ ಬಿಸಿಗೆ ಲ್ಯಾಕ್ಟೊಬ್ಯಾಸಿಲಸ್ ಸಾಯುತ್ತದೆ. ಬ್ಯಾಸಿಲಸ್ ಬೀಜಾಣುಗಳು ತಾಳುತ್ತವೆ. ಹಾಸು ಒದ್ದೆಯಾಗಿದ್ದರೆ ರಕ್ತಭೇದಿ ಹೆಚ್ಚಿ ಕರುಳು ಕೆಡುತ್ತದೆ. ಆಗ ಯಾವ ಪೂರಕವೂ ನಿಲ್ಲದು. ರೋಗ ಬಂದಾಗ ಪಶುವೈದ್ಯರ ಸಲಹೆಯಂತೆ ಔಷಧ ಕೊಡಲೇಬೇಕು. ಔಷಧ ನಿಲ್ಲಿಸಿದ ಮೇಲೆ ಅವರು ತಿಳಿಸಿದಷ್ಟು ದಿನ ಕೋಳಿ ಮಾರಬಾರದು.

ಲಾಭ ಲೆಕ್ಕ ಹಾಕುವ ಬಗೆ

ಮೊದಲು ಒಂದೇ ಶೆಡ್ಡಿನಲ್ಲಿ ಪರೀಕ್ಷಿಸಿ, ಇನ್ನೊಂದರೊಡನೆ ಹೋಲಿಸಬೇಕು. 2,000 ಕಿ.ಗ್ರಾಂ. ಕೋಳಿ ತೂಕಕ್ಕೆ 3,200 ಕಿ.ಗ್ರಾಂ. ಆಹಾರ ಖರ್ಚಾದರೆ ಅನುಪಾತ 1.60. ಪೂರಕದಿಂದ ಅದು 1.55ಕ್ಕೆ ಇಳಿದರೆ 100 ಕಿ.ಗ್ರಾಂ. ಆಹಾರ ಉಳಿಯುತ್ತದೆ. ಸಾವಿನ ಪ್ರಮಾಣ ಒಂದೇ ಆಗಿದ್ದು, ಈ ಉಳಿತಾಯದ ಬೆಲೆಗಿಂತ ಪೂರಕದ ಖರ್ಚು ಕಡಿಮೆಯಿದ್ದರೆ ಮಾತ್ರ ಅದನ್ನು ಮುಂದುವರಿಸುವುದು ಲಾಭದಾಯಕ.