ನೀರು ನಿಲ್ಲಿಸಿ ಮನೆ ಕಟ್ಟುವ ಬೀವರ್

ಮನೆ ಕಟ್ಟೋಕೆ ನಮಗೆ ಏನೇನು ಬೇಕು? ಕಲ್ಲು ಬೇಕು, ಮಣ್ಣು ಬೇಕು, ಮರ ಬೇಕು. ಗಾರೆ ಕೆಲಸದವರು ಬೇಕು. ಕೈಯಲ್ಲಿ ದುಡ್ಡೂ ಬೇಕು. ಆದರೆ ತನ್ನ ಹಲ್ಲಿನಿಂದಲೇ ಮರ ಕಡಿದು ಮನೆ ಕಟ್ಟುವ ಪ್ರಾಣಿಯೊಂದಿದೆ. ಅದರ ಹೆಸರು ಬೀವರ್.

ಬೀವರ್ ನಮ್ಮ ದೇಶದಲ್ಲಿ ಇಲ್ಲ. ದೂರದ ಅಮೆರಿಕ, ಕೆನಡಾ ದೇಶಗಳಲ್ಲಿದೆ. ಯುರೋಪಿನಲ್ಲೂ ಇದೆ. ಇದು ಇಲಿ, ಅಳಿಲುಗಳ ನೆಂಟ. ಆದರೆ 20 ಕಿಲೋಗಿಂತ ಹೆಚ್ಚು ತೂಗುವುದೂ ಉಂಟು. ಬಾಲ ಸಟ್ಟುಗದ ಹಾಗೆ ಚಪ್ಪಟೆ. ಮುಂದಿನ ಹಲ್ಲುಗಳು ಕಿತ್ತಳೆ ಬಣ್ಣ. ಅವುಗಳಲ್ಲಿ ಕಬ್ಬಿಣದ ಅಂಶವಿದೆ. ಅದಕ್ಕೇ ಅವು ಬಲು ಗಟ್ಟಿ. ಸವೆದಷ್ಟೂ ಬೆಳೆಯುತ್ತಲೇ ಇರುತ್ತವೆ.

ಮೊದಲು ಒಡ್ಡು, ಆಮೇಲೆ ಮನೆ

ಬೀವರ್‌ಗೆ ತೋಳ, ಕರಡಿಗಳ ಭಯ. ನೆಲದ ಮೇಲೆ ಅದು ಜೋರಾಗಿ ಓಡಲಾರದು. ಆದರೆ ನೀರಿನಲ್ಲಿ ಚೆನ್ನಾಗಿ ಈಜುತ್ತದೆ. ಆದ್ದರಿಂದ ಮನೆಯ ಸುತ್ತ ಆಳವಾದ ನೀರು ಇರಬೇಕು. ಹಳ್ಳದ ನೀರು ಹರಿದು ಹೋಗುತ್ತಲ್ಲ, ಏನು ಮಾಡೋದು? ಬೀವರ್ ಮೊದಲು ಒಡ್ಡು ಕಟ್ಟುತ್ತದೆ. ಮರ ಕಡಿಯುತ್ತದೆ. ಕೊಂಬೆಗಳನ್ನು ಎಳೆದು ತಂದು ಹಳ್ಳಕ್ಕೆ ಅಡ್ಡ ಹಾಕುತ್ತದೆ. ಅದರ ಮೇಲೆ ಕಲ್ಲು ಹೇರುತ್ತದೆ. ಕೆಸರನ್ನು ಎದೆಗೆ ಅವಚಿ ತಂದು ಸಂದುಗಳಿಗೆ ಮೆತ್ತುತ್ತದೆ. ನೀರು ನಿಲ್ಲುತ್ತದೆ. ಹಳ್ಳ ಕೆರೆಯಾಗುತ್ತದೆ.

ಆ ನೀರಿನಲ್ಲಿ ಕೊಂಬೆ, ಕೆಸರುಗಳ ದೊಡ್ಡ ಗುಡ್ಡೆ ಏಳುತ್ತದೆ. ಅದೇ ಮನೆ. ಬಾಗಿಲು ನೀರಿನ ಅಡಿಯಲ್ಲಿ! ಒಳಗೆ ನೀರಿಗಿಂತ ಮೇಲೆ ಒಣಗಿದ ಕೋಣೆ. ನೆತ್ತಿಯಲ್ಲಿ ಕೆಸರು ಮೆತ್ತದೆ ಗಾಳಿಗೆ ಜಾಗ. ನಾವು ಹೊಗೆ ಹೋಗಲು ಗವಾಕ್ಷಿ ಬಿಡುವ ಹಾಗೆ. ಚಳಿಗಾಲದಲ್ಲಿ ಗೋಡೆಯ ಕೆಸರು ಹೆಪ್ಪುಗಟ್ಟಿ ಕಲ್ಲಿನಂತಾಗುತ್ತದೆ. ತೋಳ ಎಷ್ಟು ಪರಚಿದರೂ ಒಡೆಯಲ್ಲ. ಊಟಕ್ಕೆ ಮರದ ತೊಗಟೆ. ಅದಕ್ಕಾಗಿ ಹಸಿ ಕೊಂಬೆಗಳನ್ನು ಮೊದಲೇ ನೀರಿನ ತಳದಲ್ಲಿ ಕೂಡಿಟ್ಟಿರುತ್ತದೆ.

ಇದು ಒಬ್ಬರ ಕೆಲಸವಲ್ಲ. ಗಂಡು, ಹೆಣ್ಣು, ದೊಡ್ಡ ಮರಿಗಳು ಎಲ್ಲವೂ ದುಡಿಯುತ್ತವೆ. ನೀರು ಸೋರುವ ಸದ್ದು ಕೇಳಿದರೆ ಸಾಕು, ಒಡ್ಡು ರಿಪೇರಿಗೆ ಹೊರಡುತ್ತವೆ.

ಬೀವರ್ ಹೋಯಿತು, ನೀರೂ ಹೋಯಿತು

ಯುರೋಪಿನ ಸಿರಿವಂತರಿಗೆ ಬೀವರ್ ತುಪ್ಪಳದ ಟೋಪಿ ಎಂದರೆ ಆಸೆ. 17ನೇ ಶತಮಾನದಿಂದ 19ನೇ ಶತಮಾನದವರೆಗೆ ಲಕ್ಷಗಟ್ಟಲೆ ಬೀವರ್‌ಗಳನ್ನು ಕೊಂದರು. ಒಡ್ಡು ನೋಡಿಕೊಳ್ಳುವವರೇ ಇಲ್ಲವಾದರು. ಒಡ್ಡುಗಳು ಒಡೆದವು. ನಿಂತ ನೀರು ಹರಿದು ಹೋಯಿತು. ಆ ನೀರನ್ನು ನಂಬಿದ್ದ ಮೀನು, ಕಪ್ಪೆ, ಹಕ್ಕಿಗಳಿಗೂ ನೆಲೆ ತಪ್ಪಿತು.

ಜನರಿಗೆ ತಡವಾಗಿ ಬುದ್ಧಿ ಬಂತು. 1948ರಲ್ಲಿ ಅಮೆರಿಕದ ಐಡಾಹೊ ರಾಜ್ಯದಲ್ಲಿ ಒಂದು ಕೆಲಸ ಮಾಡಿದರು. ಊರಿನ ಹತ್ತಿರ ತೊಂದರೆ ಕೊಡುತ್ತಿದ್ದ ಬೀವರ್‌ಗಳನ್ನು ಕೊಲ್ಲಲಿಲ್ಲ. 76 ಬೀವರ್‌ಗಳನ್ನು ಪೆಟ್ಟಿಗೆಗಳಲ್ಲಿ ಕೂರಿಸಿದರು. ವಿಮಾನದಿಂದ ಪ್ಯಾರಾಚೂಟ್ ಕಟ್ಟಿ ಕಾಡಿಗೆ ಇಳಿಸಿದರು. ಒಂದು ಸತ್ತಿತು. ಮರುವರ್ಷ ಹೋಗಿ ನೋಡಿದರೆ ಅಲ್ಲಿ ಒಡ್ಡು ಎದ್ದಿತ್ತು, ಮನೆ ಎದ್ದಿತ್ತು!

ನೀರು ತಾನಾಗಿ ನಿಲ್ಲುವುದಿಲ್ಲ. ಯಾರಾದರೂ ನಿಲ್ಲಿಸಬೇಕು. ನಿಲ್ಲಿಸಿದ ಮೇಲೆ ನೋಡಿಕೊಳ್ಳಬೇಕು.

ಓದಿ, ಮಾತಾಡಿ

1. ಬೀವರ್ ಮನೆಯ ಬಾಗಿಲು ನೀರಿನ ಅಡಿಯಲ್ಲಿ ಏಕಿದೆ?
2. ಬೀವರ್‌ಗಳನ್ನು ಕೊಂದಾಗ ನೀರು ಏಕೆ ಹೋಯಿತು?
3. ನಿಮ್ಮೂರ ಹಳ್ಳಕ್ಕೆ ಒಡ್ಡು ಇದೆಯೇ? ಅದನ್ನು ನೋಡಿಕೊಳ್ಳುವವರು ಯಾರು?