ಆಮ್ಲಜನಕದ ಜನ್ಮದಿನ ಯಾವುದು?

ನಮ್ಮ ಶಾಲೆಯ ವಾರ್ಷಿಕ ಕಾರ್ಯಸೂಚಿಯಲ್ಲಿ ಜಯಂತಿ, ಪುಣ್ಯತಿಥಿಗಳಿಗೆ ಕೊರತೆಯಿಲ್ಲ. ವಿಜ್ಞಾನ ಚರಿತ್ರೆಯ ದಿನಗಳು ಮಾತ್ರ, ಫೆಬ್ರವರಿ 28 ಒಂದನ್ನು ಹೊರತುಪಡಿಸಿದರೆ, ನಮ್ಮ ಗಮನಕ್ಕೆ ಬರುವುದು ಅಪರೂಪ. 2024ರ ಆಗಸ್ಟ್ 1ರಂದು ಆಮ್ಲಜನಕದ ಶೋಧಕ್ಕೆ 250 ವರ್ಷಗಳು ತುಂಬಿದವು. ಆ ದಿನವೂ ಉಳಿದ ದಿನಗಳಂತೆಯೇ ಸದ್ದಿಲ್ಲದೆ ಸಂದುಹೋಯಿತು. ತುಂಬಿದವೆಂದು ಬರೆದೆನಾದರೂ ಹಾಗೆ ನಿಶ್ಚಯವಾಗಿ ಹೇಳಲು ನನಗೆ ಪೂರ್ಣ ಧೈರ್ಯವಿಲ್ಲ. ಅದರ ಕಾರಣವನ್ನು ವಾಚಕರಲ್ಲಿ ಮೊದಲೇ ನಿವೇದಿಸಿಕೊಳ್ಳುತ್ತೇನೆ.

ನಾನು ಅಧ್ಯಾಪಕ ವೃತ್ತಿಗೆ ಬಂದ ಹೊಸದರಲ್ಲಿ, ಅರ್ಧವಾರ್ಷಿಕ ಪರೀಕ್ಷೆಯೊಂದರಲ್ಲಿ, “ಆಮ್ಲಜನಕವನ್ನು ಕಂಡುಹಿಡಿದವರು ಯಾರು?” ಎಂದು ಒಂದು ಅಂಕದ ಪ್ರಶ್ನೆ ಕೇಳಿದ್ದೆ. ಎಲ್ಲ ಮಕ್ಕಳೂ ಪ್ರೀಸ್ಟ್ಲಿಯ ಹೆಸರು ಬರೆದಿದ್ದರು. ಒಬ್ಬ ಬಾಲಕ ಮಾತ್ರ ‘ಷೀಲೆ’ ಎಂದು ಬರೆದಿದ್ದ. ನಾನು ಕೆಂಪು ಶಾಯಿಯಿಂದ ಗೆರೆ ಎಳೆದೆ. ಮರುದಿನ ಅವನು ಗ್ರಂಥಾಲಯದ ಪುಸ್ತಕವೊಂದನ್ನು ಎದೆಗವಚಿಕೊಂಡು ಬಂದು, “ಗುರುಗಳೇ, ಇದರಾಗ ಷೀಲೆ ಮೊದಲು ಅಂತ ಐತ್ರಿ” ಎಂದ. ಪಠ್ಯಪುಸ್ತಕದಲ್ಲಿ ಇದ್ದುದನ್ನೇ ಬರೆಯಬೇಕೆಂದು ಹೇಳಿ ಕಳುಹಿಸಿದೆ. ಪುಸ್ತಕವನ್ನು ತೆರೆದು ನೋಡಲೂ ಇಲ್ಲ. ಅದನ್ನು ನಾನು ಓದಿದ್ದು ಕೆಲವು ವರ್ಷಗಳ ಅನಂತರ.

ಕಾರ್ಲ್ ವಿಲ್ಹೆಲ್ಮ್ ಷೀಲೆ ಸ್ವೀಡನ್ನಿನ ಔಷಧದಂಗಡಿಗಳಲ್ಲಿ ದುಡಿಯುತ್ತಿದ್ದ ಬಡವ. ಅವನು ಯಾವ ವಿಶ್ವವಿದ್ಯಾಲಯದ ಪ್ರಾಧ್ಯಾಪಕನೂ ಆಗಿರಲಿಲ್ಲ. 1771–72ರ ಸುಮಾರಿಗೆ ಉಪ್ಸಾಲಾ ನಗರದಲ್ಲಿದ್ದಾಗ ಹಲವು ವಸ್ತುಗಳನ್ನು ಕಾಯಿಸಿ, ಬೆಂಕಿಯನ್ನು ಪ್ರಜ್ವಲಿಸುವಂತೆ ಮಾಡುವ ಒಂದು ವಾಯುವನ್ನು ಪಡೆದು, ಅದಕ್ಕೆ ‘ಅಗ್ನಿವಾಯು’ ಎಂಬ ಅರ್ಥದ ಹೆಸರಿಟ್ಟನು. ಆದರೆ ಈ ಸಂಗತಿಯನ್ನು ಹೇಳುವ ಅವನ ಗ್ರಂಥ ಅಚ್ಚಾಗಿ ಹೊರಬಂದುದು 1777ರಲ್ಲಿ. ಅಷ್ಟರಲ್ಲಿ ಲೋಕವು ಈ ವಾಯುವಿನ ವಿಷಯವನ್ನು ಬೇರೊಬ್ಬರಿಂದ ಕೇಳಿಯಾಗಿತ್ತು. 1786ರಲ್ಲಿ, ಇನ್ನೂ 43ರ ವಯಸ್ಸಿನಲ್ಲಿಯೇ ಷೀಲೆ ತೀರಿಕೊಂಡನು.

ಆ ಬೇರೊಬ್ಬ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ. ವೃತ್ತಿಯಿಂದ ಧರ್ಮೋಪದೇಶಕ. ಆಗ ಲಾರ್ಡ್ ಶೆಲ್‌ಬರ್ನನ ಆಶ್ರಯದಲ್ಲಿ, ಕಾನ್ ಎಂಬ ಊರಿನ ಬಳಿಯ ಬೋವುಡ್ ಭವನದಲ್ಲಿ ಗ್ರಂಥಪಾಲಕನಾಗಿದ್ದನು. 1774ರ ಆಗಸ್ಟ್ 1ರಂದು 12 ಅಂಗುಲ ವ್ಯಾಸದ ಮಸೂರದಿಂದ ಸೂರ್ಯಕಿರಣಗಳನ್ನು ಕೇಂದ್ರೀಕರಿಸಿ, ಪಾದರಸದ ಕೆಂಪು ಭಸ್ಮವನ್ನು ಕಾಯಿಸಿದನು. ಹೊರಟ ವಾಯುವನ್ನು ಪಾದರಸದ ಮೇಲೆ ಶೇಖರಿಸಿದನು. ಅದರಲ್ಲಿ ಹಿಡಿದ ಮೇಣದ ಬತ್ತಿ ವಿಶೇಷವಾದ ಕಾಂತಿಯಿಂದ ಉರಿಯಿತು. ಆ ಹೊತ್ತಿಗೆ ಉರಿಯುವ ಬತ್ತಿಯೊಂದು ಎದುರಿಗೆ ಇಲ್ಲದಿದ್ದರೆ ತಾನು ಈ ಪರೀಕ್ಷೆಯನ್ನೇ ಮಾಡುತ್ತಿರಲಿಲ್ಲವೇನೋ ಎಂಬ ಅರ್ಥದ ಮಾತನ್ನು ಅವನೇ ಮುಂದೆ ಬರೆದಿಟ್ಟಿದ್ದಾನೆ. ಇಂತಹ ಪ್ರಾಂಜಲತೆ ಶೋಧಕರಲ್ಲಿ ವಿರಳ.

ಆದರೆ ಆ ದಿನ ತಾನು ಕಂಡದ್ದು ಏನೆಂದು ಅವನಿಗೆ ತಿಳಿಯಲಿಲ್ಲ. ಮೊದಲೇ ಪರಿಚಿತವಿದ್ದ ಮತ್ತೊಂದು ವಾಯುವಿನ ರೂಪಾಂತರವಿರಬೇಕೆಂದು ಭಾವಿಸಿದನು. 1775ರ ಮಾರ್ಚ್ ತಿಂಗಳಲ್ಲಿ ಈ ವಾಯು ತುಂಬಿದ ಪಾತ್ರೆಯಲ್ಲಿ ಇಲಿಯೊಂದನ್ನು ಇಟ್ಟಾಗ, ಸಾಮಾನ್ಯ ಗಾಳಿಯಲ್ಲಿ ಬದುಕುವುದಕ್ಕಿಂತ ಸುಮಾರು ಇಮ್ಮಡಿ ಹೊತ್ತು ಅದು ಬದುಕಿತು. ಆಗ ಮಾತ್ರ ಇದು ಹೊಸದೆಂಬ ಅರಿವು ಮೂಡಿತು. ತಾನೂ ಅದನ್ನು ಸೇವಿಸಿ ನೋಡಿದನು. ಆದರೂ ವಿವರಣೆ ಹಳೆಯದೇ. ಉರಿಯುವ ವಸ್ತುವಿನಿಂದ ‘ಫ್ಲೋಜಿಸ್ಟನ್’ ಎಂಬ ಪದಾರ್ಥ ಹೊರಬೀಳುತ್ತದೆ, ಅದನ್ನು ಗಾಳಿ ಹೀರಿಕೊಳ್ಳುತ್ತದೆ ಎಂಬುದು ಅಂದಿನ ಸಿದ್ಧಾಂತ. ಫ್ಲೋಜಿಸ್ಟನ್ ಇಲ್ಲದ ಗಾಳಿ ಅದನ್ನು ಹೆಚ್ಚು ಹೀರಬಲ್ಲದಾದ್ದರಿಂದ ಬತ್ತಿ ಹೆಚ್ಚು ಉರಿಯುತ್ತದೆಂದು ಅವನು ವಾದಿಸಿದನು. ಸಾಯುವವರೆಗೂ ಈ ನಂಬಿಕೆಯನ್ನು ಬಿಡಲಿಲ್ಲ.

ಇನ್ನು ಮೂರನೆಯವನು, ಪ್ಯಾರಿಸಿನ ಆಂತ್ವಾನ್ ಲೆವಾಸಿಯೆ. 1774ರ ಅಕ್ಟೋಬರಿನಲ್ಲಿ ಪ್ಯಾರಿಸಿಗೆ ಹೋಗಿದ್ದ ಪ್ರೀಸ್ಟ್ಲಿ ಭೋಜನಕೂಟವೊಂದರಲ್ಲಿ ತನ್ನ ಪ್ರಯೋಗವನ್ನು ಅವನಿಗೆ ತಿಳಿಸಿದನು. ಅದೇ ವರ್ಷ ಸೆಪ್ಟೆಂಬರ್ 30ರ ದಿನಾಂಕದಲ್ಲಿ ಷೀಲೆ ಕೂಡ ಅವನಿಗೊಂದು ಪತ್ರ ಬರೆದಿದ್ದನು. ತನ್ನ ಬರಹಗಳಲ್ಲಿ ಲೆವಾಸಿಯೆ ಇವರಿಬ್ಬರಿಗೆ ಸಲ್ಲಬೇಕಾದ ಋಣವನ್ನು ಧಾರಾಳವಾಗಿ ಸಲ್ಲಿಸಲಿಲ್ಲವೆಂಬುದು ನನ್ನ ಅಭಿಪ್ರಾಯ. ಆದರೆ ಅವನ ಕೈಯಲ್ಲಿ ತಕ್ಕಡಿಯಿತ್ತು. ಲೋಹವು ಭಸ್ಮವಾದಾಗ ತೂಕ ಹೆಚ್ಚುತ್ತದೆ. ಏನೋ ಹೊರಬಿದ್ದು ಹೋಗಿದ್ದರೆ ತೂಕ ಹೆಚ್ಚುವುದು ಹೇಗೆ?

ಅವನ ಪ್ರಸಿದ್ಧ ಪ್ರಯೋಗದ ಅಂಕಿಗಳನ್ನು ಇಲ್ಲಿ ಕೊಡುವುದು ಉಚಿತ. 4 ಔನ್ಸ್ ಪಾದರಸವನ್ನು 50 ಘನ ಅಂಗುಲ ಗಾಳಿಯ ಸಂಪರ್ಕದಲ್ಲಿಟ್ಟು 12 ದಿನಗಳ ಕಾಲ ಕಾಯಿಸಿದನು. ಗಾಳಿಯು 42–43 ಘನ ಅಂಗುಲಗಳಿಗೆ ಇಳಿಯಿತು. ಉಳಿದ ಗಾಳಿಯಲ್ಲಿ ದೀಪ ಆರಿತು, ಪ್ರಾಣಿ ಉಸಿರುಗಟ್ಟಿತು. ಪಾದರಸದ ಮೇಲೆ ಕಟ್ಟಿದ ಕೆಂಪು ಭಸ್ಮ 45 ಗ್ರೇನ್ ತೂಗಿತು. ಅದನ್ನು ಬೇರೆಯಾಗಿ ಇನ್ನೂ ತೀವ್ರವಾಗಿ ಕಾಯಿಸಿದಾಗ 41½ ಗ್ರೇನ್ ಪಾದರಸವೂ, 7–8 ಘನ ಅಂಗುಲ ವಾಯುವೂ ದೊರೆತವು. ಗಾಳಿಯಲ್ಲಿ ಕಡಿಮೆಯಾದದ್ದು ಎಷ್ಟೋ ಭಸ್ಮದಿಂದ ಮರಳಿ ಬಂದದ್ದೂ ಅಷ್ಟೇ. ಇಂದಿನ ಪರಮಾಣು ತೂಕಗಳ ಪ್ರಕಾರ ಲೆಕ್ಕ ಹಾಕಿದರೆ 45 ಗ್ರೇನ್ ಭಸ್ಮದಲ್ಲಿ ಸುಮಾರು 3.3 ಗ್ರೇನ್ ಆಮ್ಲಜನಕವಿರಬೇಕು. ಅವನಿಗೆ ಸಿಕ್ಕ ವ್ಯತ್ಯಾಸ 3½. ಹತ್ತನೆಯ ತರಗತಿಯ ಮಕ್ಕಳಿಂದ ಈ ಲೆಕ್ಕವನ್ನು ಮಾಡಿಸಿದರೆ ಅವರ ಮುಖ ಅರಳುವುದನ್ನು ನಾನು ಕಂಡಿದ್ದೇನೆ.

‘ಆಕ್ಸಿಜನ್’ ಎಂಬ ಹೆಸರು ಲೆವಾಸಿಯೆಯದು. ಅದರರ್ಥ ‘ಆಮ್ಲವನ್ನು ಹುಟ್ಟಿಸುವುದು’. ಆಮ್ಲಗಳಿಗೆಲ್ಲ ಈ ವಾಯುವೇ ಮೂಲವೆಂದು ಅವನು ನಂಬಿದ್ದನು. 1810ರಲ್ಲಿ ಹಂಫ್ರಿ ಡೇವಿ ಕ್ಲೋರಿನ್ ಒಂದು ಮೂಲವಸ್ತುವೆಂದೂ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೆಂದೂ ತೋರಿಸಿದನು. ನಂಬಿಕೆ ಬಿದ್ದುಹೋಯಿತು, ಹೆಸರು ಉಳಿಯಿತು. ನಮ್ಮ ಕನ್ನಡದ ‘ಆಮ್ಲಜನಕ’ವೂ ಆ ಹೆಸರಿನ ನೇರ ರೂಪಾಂತರವಾದುದರಿಂದ, ಪ್ಯಾರಿಸಿನ ಪಂಡಿತನೊಬ್ಬನ ತಪ್ಪು ತಿಳಿವಳಿಕೆ ಇಂದಿಗೂ ನಮ್ಮ ಮಕ್ಕಳ ನಾಲಗೆಯ ಮೇಲಿದೆ. ‘ಜಲಜನಕ’ಕ್ಕೆ ಈ ದೋಷವಿಲ್ಲ, ಅದು ಉರಿದರೆ ನೀರೇ ಆಗುವುದು. ಹೆಸರನ್ನು ಬದಲಿಸಬೇಕೆಂದು ನಾನು ಹೇಳುವುದಿಲ್ಲ. ಹೇಗೆ ಬಂದಿತೆಂಬುದನ್ನು ಪಾಠದಲ್ಲಿ ಹೇಳಿದರೆ ಸಾಕು.

ಇವರ ಕೊನೆಯ ಕಾಲ ಸುಖಕರವಾಗಿರಲಿಲ್ಲ. 1791ರ ಜುಲೈ 14ರಂದು ಬರ್ಮಿಂಗ್‌ಹ್ಯಾಮಿನಲ್ಲಿ ಎದ್ದ ದೊಂಬಿಯಲ್ಲಿ ಪ್ರೀಸ್ಟ್ಲಿಯ ಮನೆ, ಪುಸ್ತಕ, ಉಪಕರಣಗಳೆಲ್ಲ ನಾಶವಾದವು. 1794ರಲ್ಲಿ ಅವನು ಅಮೆರಿಕಕ್ಕೆ ಹಡಗು ಹತ್ತಿದನು. ಅದೇ ವರ್ಷ ಮೇ 8ರಂದು, ತೆರಿಗೆ ಗುತ್ತಿಗೆದಾರರ ಕೂಟದಲ್ಲಿದ್ದ ಲೆವಾಸಿಯೆಯ ಶಿರಚ್ಛೇದವಾಯಿತು. ಪೆನ್ಸಿಲ್ವೇನಿಯದ ನಾರ್ತಂಬರ್ಲೆಂಡ್ ಎಂಬ ಸಣ್ಣ ಊರಿನಲ್ಲಿ ಪ್ರೀಸ್ಟ್ಲಿ 1804ರಲ್ಲಿ ನಿಧನನಾದನು. ಶತಮಾನೋತ್ಸವದ ವರ್ಷವಾದ 1874ರಲ್ಲಿ ಎಪ್ಪತ್ತಕ್ಕೂ ಮಿಕ್ಕ ರಸಾಯನಜ್ಞರು ಅದೇ ಊರಿನಲ್ಲಿ ಸೇರಿದರು. ಅಲ್ಲಿ ಸೇರುವ ಸಲಹೆ ರೇಚೆಲ್ ಬಾಡ್ಲಿ ಎಂಬ ಅಧ್ಯಾಪಕಿಯದು. ಅಲ್ಲಿ ಮೂಡಿದ ಸಂಘಟನೆಯ ವಿಚಾರವೇ 1876ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯಾಗಿ ಫಲಿಸಿತು. ಸ್ಮರಣೋತ್ಸವಗಳು ಹಾರ ತುರಾಯಿಗಳಲ್ಲಿ ಮುಗಿಯುತ್ತವೆಂದು ಗೊಣಗುವವರು ಈ ಉದಾಹರಣೆಯನ್ನು ಗಮನಿಸಬಹುದು.

ದಿನಾಂಕದ ಈ ತೊಡಕು ಆಮ್ಲಜನಕಕ್ಕೆ ಮಾತ್ರ ಸೀಮಿತವಲ್ಲ. 1868ರ ಆಗಸ್ಟ್ 18ರ ಸಂಪೂರ್ಣ ಸೂರ್ಯಗ್ರಹಣವನ್ನು ಹೀಲಿಯಂನ ಜನ್ಮದಿನವೆಂದು ಹಲವರು ಬರೆಯುತ್ತಾರೆ. ಫ್ರಾನ್ಸಿನ ಜಾನ್ಸೆನ್ ಗುಂಟೂರಿನಿಂದ ಅದನ್ನು ವೀಕ್ಷಿಸಿದನು. ನಮ್ಮ ಜಮಖಂಡಿಯಲ್ಲಿ, ಜಾನ್ ಹರ್ಷೆಲನ ಮಗನಾದ ಲೆಫ್ಟಿನೆಂಟ್ ಹರ್ಷೆಲ್ ರಾಯಲ್ ಸೊಸೈಟಿಯ ಪರವಾಗಿ ರೋಹಿತದರ್ಶಕವನ್ನು ಹೂಡಿ ಕುಳಿತಿದ್ದನು. ಮೋಡಗಳ ಕಾಟದ ನಡುವೆಯೂ ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಹೊಳೆಯುವ ಗೆರೆಗಳನ್ನು ಕಂಡನು. ಈ ಭಾಗದ ನಮಗೆ ಇದು ಅಭಿಮಾನದ ಸಂಗತಿಯಾದರೂ ಅತಿಯಾಗಿ ಹೇಳಬಾರದು. ಹಳದಿ ಗೆರೆ ಸೋಡಿಯಂನದಲ್ಲ, ಬೇರೆಯದೆಂದು ತಿಳಿದುದು ಅದೇ ವರ್ಷದ ಅಕ್ಟೋಬರಿನಿಂದ ಲಾಕಿಯರ್ ನಡೆಸಿದ ವೀಕ್ಷಣೆಗಳಿಂದ. ವಸ್ತು ಭೂಮಿಯ ಮೇಲೆ ಕೈಗೆ ಸಿಕ್ಕಿದ್ದು 1895ರಲ್ಲಿ ರಾಮ್ಸೆಗೆ.

ಫೆಬ್ರವರಿ 28ರ ವಿಷಯ ಎಲ್ಲರಿಗೂ ತಿಳಿದದ್ದೇ. 1928ರ ಆ ದಿನ ಕಲಕತ್ತೆಯಲ್ಲಿ ಸರ್ ಸಿ. ವಿ. ರಾಮನ್‌ರವರು, ಕೆ. ಎಸ್. ಕೃಷ್ಣನ್‌ರವರ ಸಹಯೋಗದಲ್ಲಿ ನಡೆಸುತ್ತಿದ್ದ ಸಂಶೋಧನೆಯಲ್ಲಿ, ಚದರಿದ ಬೆಳಕಿನಲ್ಲಿ ಹೊಸ ಗೆರೆಗಳನ್ನು ಕಂಡರು. ಮಾರ್ಚ್ 16ರಂದು ಬೆಂಗಳೂರಿನ ಉಪನ್ಯಾಸದಲ್ಲಿ ಅದನ್ನು ವಿಸ್ತಾರವಾಗಿ ಮಂಡಿಸಿದರು. ಅದೇ ಫೆಬ್ರವರಿಯಲ್ಲಿ ಮಾಸ್ಕೋದ ಲ್ಯಾಂಡ್ಸ್‌ಬರ್ಗ್ ಮತ್ತು ಮಾಂಡೆಲ್‌ಸ್ಟಾಮರೂ ಸ್ಫಟಿಕಗಳಲ್ಲಿ ಇದೇ ಪರಿಣಾಮವನ್ನು ಕಂಡಿದ್ದರು. ಆದರೆ ಮೊದಲು ಪ್ರಕಟಿಸಿದವರು ರಾಮನ್‌ರವರು. ನಮ್ಮವರಿಗೆ ಅನುಕೂಲವಾದ ಈ ಅಳತೆಗೋಲನ್ನೇ ಷೀಲೆಗೂ ಹಚ್ಚಿದರೆ ಪ್ರೀಸ್ಟ್ಲಿಯೇ ಗೆಲ್ಲುತ್ತಾನೆ. ಮೊದಲು ಕಂಡವನಿಗೆ ಮನ್ನಣೆ ಎಂದರೆ ಷೀಲೆ. ಅರ್ಥ ತಿಳಿದವನಿಗೆ ಎಂದರೆ ಲೆವಾಸಿಯೆ. ಯಾವ ಅಳತೆಯೆಂದು ಹೇಳದೆ ಉತ್ತರ ಕೇಳುವುದು ಪ್ರಶ್ನೆಪತ್ರಿಕೆ ತಯಾರಿಸುವವನ ಲೋಪ.

ಆದುದರಿಂದ ಈ ಪ್ರಶ್ನೆಯನ್ನು ನಾನೀಗ ಒಂದು ಅಂಕಕ್ಕೆ ಕೇಳುವುದಿಲ್ಲ. ಮೂವರ ಹೆಸರು ಕೊಟ್ಟು, ಯಾರು ಏನು ಮಾಡಿದರೆಂದು ಮೂರು ಅಂಕಗಳಿಗೆ ಕೇಳುತ್ತೇನೆ. ಅಂದು ಪುಸ್ತಕ ಹಿಡಿದು ಬಂದಿದ್ದ ಬಾಲಕ ಈಗ ಹಳೆಯ ವಿದ್ಯಾರ್ಥಿಗಳ ಸಾಲಿಗೆ ಸೇರಿದ್ದಾನೆ. ಈ ಸಂಚಿಕೆ ಅವನ ಕೈಗೂ ಹೋಗಬಹುದು. ಆ ಒಂದು ಅಂಕ ಅವನಿಗೆ ಸಲ್ಲಬೇಕಾದದ್ದೇ ಆಗಿತ್ತು.

ಆಗಸ್ಟ್ 1ರಂದು ತರಗತಿಯಲ್ಲಿ ಪ್ರಯೋಗ ತೋರಿಸಬಯಸುವ ಅಧ್ಯಾಪಕ ಮಿತ್ರರಿಗೆ ಒಂದು ಸೂಚನೆ. ಪಾದರಸದ ಭಸ್ಮವನ್ನು ಎಂದಿಗೂ ಕಾಯಿಸಬಾರದು. ಪಾದರಸದ ಆವಿ ವಿಷಕಾರಿ. ಗಟ್ಟಿ ಗಾಜಿನ ಪ್ರನಾಳದಲ್ಲಿ ಚಿಟಿಕೆಯಷ್ಟು ಪೊಟ್ಯಾಸಿಯಂ ಪರ್ಮಾಂಗನೇಟನ್ನು ಕಾಯಿಸಿದರೂ ಅದೇ ವಾಯು ಬರುತ್ತದೆ. ಪುಡಿ ಹಾರದಂತೆ ಬಾಯಿಯ ಬಳಿ ಗಾಜಿನ ಎಳೆಯ ಸಣ್ಣ ಉಂಡೆಯೊಂದನ್ನು ಸಡಿಲವಾಗಿ ಇಡಬೇಕು. ಜ್ವಾಲೆ ಆರಿ ಕೆಂಡ ಮಾತ್ರ ಉಳಿದ ಕಡ್ಡಿಯನ್ನು ಪ್ರನಾಳದ ಬಾಯಿಗೆ ಹಿಡಿದರೆ ಅದು ತಟ್ಟನೆ ಹೊತ್ತಿಕೊಳ್ಳುವುದು ಹಿಂದಿನ ಸಾಲಿನ ಮಕ್ಕಳಿಗೂ ಕಾಣುತ್ತದೆ.